ಕೊರಿಯಾದ ಬೇಲಿಯ ಬಳಿ ತಿಮ್ಮಯ್ಯ

ಜನರಲ್ ಕೊಡಂದೇರ ಸುಬ್ಬಯ್ಯ ತಿಮ್ಮಯ್ಯನವರ ಹೆಸರೆತ್ತಿದರೆ ಮಾತು ನೇರ ಕಾಶ್ಮೀರ ಯುದ್ಧದ ಜೋಜಿಲಾಕ್ಕೆ ಹೋಗುತ್ತದೆ. ಹೋಗಬೇಕಾದದ್ದೇ. 1948ರ ನವೆಂಬರ್ 1ರಂದು ಹನ್ನೊಂದು ಸಾವಿರ ಅಡಿಗೂ ಎತ್ತರದ ಆ ಕಣಿವೆಗೆ ಭಾರತದ ಟ್ಯಾಂಕುಗಳು ಏರಿ ಬಂದಾಗ ಪಾಕಿಸ್ತಾನದ ಕಡೆಯ ಎದುರಾಳಿಗಳು ದಿಕ್ಕೆಟ್ಟರು. ಮೇಲಿನ ತೋಪುಗೂಡುಗಳನ್ನು ಕಳಚಿ ಗುಟ್ಟಾಗಿ ಸಾಗಿಸಿ ತಂದಿದ್ದ ಟ್ಯಾಂಕುಗಳವು. ಅವು ಹತ್ತಲು ದಾರಿ ಮಾಡಿಕೊಟ್ಟವರು ಮದ್ರಾಸ್ ಸ್ಯಾಪರ್ಸ್ ಯೋಧರು. ಡಿವಿಷನ್ನಿನ ದಂಡನಾಯಕರಾದ ತಿಮ್ಮಯ್ಯ ಮುಂಚೂಣಿಯಲ್ಲೇ ಇದ್ದರು.

ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸುವುದು ಮಾತ್ರ ಅವರ ಕೊರಿಯಾದ ದಿನಗಳು. 1953ರಲ್ಲಿ ಕೊರಿಯಾ ಯುದ್ಧಕ್ಕೆ ಕದನವಿರಾಮವಾದಾಗ ಇಪ್ಪತ್ತೆರಡು ಸಾವಿರಕ್ಕೂ ಹೆಚ್ಚು ಯುದ್ಧಕೈದಿಗಳು ತಾಯ್ನಾಡಿಗೆ ಮರಳಲು ಒಲ್ಲೆವೆಂದರು. ಅವರ ವಿಚಾರ ಬಗೆಹರಿಸಲು ರಚನೆಯಾದ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ತಿಮ್ಮಯ್ಯ ಅಧ್ಯಕ್ಷರು. ಕೈದಿಗಳನ್ನು ಕಾಯುವ ಹೊಣೆ ಭಾರತದ ಸೈನಿಕರದು. ದಕ್ಷಿಣ ಕೊರಿಯಾದ ಅಧ್ಯಕ್ಷ ಸಿಂಗ್‌ಮನ್ ರೀ ನಮ್ಮವರು ತನ್ನ ನೆಲ ಮೆಟ್ಟಕೂಡದೆಂದು ಹಟ ಹಿಡಿದದ್ದರಿಂದ ಅವರನ್ನು ಹೆಲಿಕಾಪ್ಟರಿನಲ್ಲಿ ಸೇನಾರಹಿತ ವಲಯಕ್ಕೆ ಇಳಿಸಬೇಕಾಯಿತು. ಮುಳ್ಳುತಂತಿಯ ಒಳಗೆ ಕೈದಿಗಳ ರೊಚ್ಚು, ಹೊರಗೆ ಕಾದಾಡಿದ್ದ ಎರಡೂ ಬಣಗಳ ಅನುಮಾನ. ಒಂದು ಆತುರದ ಆಜ್ಞೆ ಸಾಕಿತ್ತು, ರಕ್ತದ ಹೊಳೆ ಹರಿಯಲು. ಬರ್ಮಾದ ಕಾಳಗದಲ್ಲಿ ಬ್ರಿಗೇಡನ್ನು ಮುನ್ನಡೆಸಿದ್ದ ಈ ಯೋಧ ಅಲ್ಲಿ ಮಾತು, ಸಹನೆಗಳಿಂದಲೇ ತಿಂಗಳುಗಟ್ಟಲೆ ಕೆಲಸ ಸಾಗಿಸಿದರು. ಎತ್ತ ಹೋಗಲೂ ಮನಸ್ಸಿಲ್ಲದ ಕೆಲವು ಕೈದಿಗಳು ಕೊನೆಗೆ ನಮ್ಮ ಸೈನಿಕರೊಂದಿಗೆ ಭಾರತಕ್ಕೇ ಹಡಗು ಹತ್ತಿದರು.

ಈ ತಾಳ್ಮೆಗೆ ಮನೆಯಲ್ಲೇ ಬೇರಿತ್ತೆಂದು ನನಗನಿಸುತ್ತದೆ. ಅವರು ಬ್ರಿಟಿಷ್ ಇಂಡಿಯಾದ ಸೇನೆಯಲ್ಲಿ ಬರ್ಮಾದಲ್ಲಿ ಹೋರಾಡುತ್ತಿದ್ದಾಗ ಸಹೋದರ ಪೊನ್ನಪ್ಪ ಆಜಾದ್ ಹಿಂದ್ ಫೌಜ್ ಸೇರಿದ್ದರು. ಒಂದೇ ಒಕ್ಕದ (ಕೊಡವ ಮನೆತನದ) ಮಕ್ಕಳು, ಇಬ್ಬರಿಗೂ ದೇಶವೇ ಮುಖ್ಯ. ಹಾಗಿದ್ದೂ ಎದುರುಬದುರು ಪಾಳೆಯ. ಅಂಥ ಮನೆಯಿಂದ ಬಂದವರಿಗೆ ಆಚೆ ನಿಂತವನೂ ಮನುಷ್ಯನೆಂದು ಬೇರೆಯವರು ಹೇಳಿಕೊಡಬೇಕಿಲ್ಲ.

ಆ ತಾಳ್ಮೆಗೆ ಮತ್ತೊಂದು ಪರೀಕ್ಷೆ ಮುಂದೆ ದೇಶದೊಳಗೇ ಎದುರಾಯಿತು. 1959ರಲ್ಲಿ ರಕ್ಷಣಾ ಸಚಿವ ಕೃಷ್ಣ ಮೆನನ್ ಜತೆಗಿನ ವಿರಸದಿಂದ ಸೇನಾ ಮುಖ್ಯಸ್ಥ ತಿಮ್ಮಯ್ಯ ರಾಜೀನಾಮೆ ಕೊಟ್ಟು, ನೆಹರೂ ಒತ್ತಾಯಕ್ಕೆ ಹಿಂಪಡೆದರು. ಅದನ್ನು ದೌರ್ಬಲ್ಯವೆಂದವರಿದ್ದಾರೆ. ನಾನು ಒಪ್ಪುವುದಿಲ್ಲ. ನೆರೆಹೊರೆಯ ದೇಶಗಳಲ್ಲಿ ದಂಡನಾಯಕರು ಗದ್ದುಗೆ ಏರುತ್ತಿದ್ದ ಕಾಲವದು. ಅಪಾರ ಜನಪ್ರಿಯತೆಯಿದ್ದ ಸೇನಾಧಿಪತಿ ಚುನಾಯಿತ ಪ್ರಧಾನಿಯ ಮಾತಿಗೆ ತಲೆಬಾಗಿದ್ದು ಗಣರಾಜ್ಯಕ್ಕೆ ಸಂದ ದೊಡ್ಡ ಸೇವೆ.

ನಿವೃತ್ತಿಯ ನಂತರವೂ ಅವರು ತವರಾದ ಕೊಡಗಿನಲ್ಲೇ ಉಳಿದುಬಿಡಲಿಲ್ಲ. 1964ರಲ್ಲಿ ಸೈಪ್ರಸ್ಸಿನ ವಿಶ್ವಸಂಸ್ಥೆ ಶಾಂತಿಪಡೆಯ ಹೊಣೆ ಹೊತ್ತು ಗ್ರೀಕ್ ಮತ್ತು ತುರ್ಕಿ ಸಮುದಾಯಗಳ ನಡುವೆ ನಿಂತರು. 1965ರ ಡಿಸೆಂಬರ್ 18ರಂದು ಕರ್ತವ್ಯದಲ್ಲಿದ್ದಾಗಲೇ ಹೃದಯಾಘಾತದಿಂದ ತೀರಿಕೊಂಡರು. ಮರುವರ್ಷವೇ ಸೈಪ್ರಸ್ ಅವರ ನೆನಪಿಗೆ ಅಂಚೆಚೀಟಿ ಹೊರತಂದಿತು. ಮಡಿಕೇರಿಯಲ್ಲಿ ಅವರು ಹುಟ್ಟಿಬೆಳೆದ ಸನ್ನಿಸೈಡ್ ಮನೆ ಈಗ ವಸ್ತುಸಂಗ್ರಹಾಲಯ. ಅಲ್ಲಿಗೆ ಮಕ್ಕಳನ್ನು ಕರೆದೊಯ್ಯುವ ಮೇಷ್ಟ್ರುಗಳು ಜೋಜಿಲಾದ ಕಥೆ ಮುಗಿಸಿ, ಕೊರಿಯಾದ ಕಥೆಯನ್ನೂ ಹೇಳಲಿ.