ಎಷ್ಟಾತು ಯವ್ವಾ?

ಕೌಜಲಗಿಯ ನಮ್ಮ ಮನೆಯಲ್ಲಿ ಅತ್ತೆಯವರು ದಿನಕ್ಕೆ ಹತ್ತಾರು ಸಲ ಕೇಳುವ ಪ್ರಶ್ನೆ ಇದು. ಗ್ಲಾಕೋಮಾದಿಂದ ಅವರ ದೃಷ್ಟಿ ಮಸುಕಾಗಿದೆ. ಹನ್ನೆರಡು ತಾಸಿಗೊಮ್ಮೆ ಕಣ್ಣಿಗೆ ಔಷಧಿ ಬೀಳಬೇಕು, ಗೋಡೆಯ ಗಡಿಯಾರದ ಮುಳ್ಳು ಕಾಣದು. "ಈಗರೆ ಹೇಳೇನಲ್ಲರಿ ಅತ್ತಿ" ಎಂದು ನಾನೇ ಎಷ್ಟೋ ಸಲ ಸಿಡುಕಿದ್ದೇನೆ. ಒಂದು ರಾತ್ರಿ ನನ್ನನ್ನು ಎಬ್ಬಿಸಲು ಅಂಜಿ, ಬೆಳಗಾಯಿತೆಂದೇ ತಿಳಿದು, ಎರಡು ಗಂಟೆಗೇ ಹನಿ ಹಾಕಿಕೊಂಡರು. ಆರಕ್ಕೆ ನಾನು ಮತ್ತೆ ಹಾಕಿದೆ. ತಪ್ಪು ಯಾರದು?

ಮಗ ಅವರಿಗೊಂದು ಮೊಬೈಲ್ ತಂದುಕೊಟ್ಟ. ಗಡಿಯಾರದ ಆ್ಯಪ್‌ಗಳು ಬೇಕಾದಷ್ಟಿವೆ ಎಂದ. ಮೂರನ್ನು ಹಾಕಿ ನೋಡಿದೆ. ಮೊದಲನೆಯದರಲ್ಲಿ ಅಂಕಿಗಳು ದೊಡ್ಡವು ನಿಜ, ಆದರೆ ತಿಳಿನೀಲಿಯ ಮೇಲೆ ಬಿಳಿ! ಸಾಲದ್ದಕ್ಕೆ ಅಡ್ಡಲಾಗಿ ಜಾಹೀರಾತು. ಅದನ್ನು ಮುಚ್ಚುವ ಗುರುತು ಸಾಸಿವೆ ಕಾಳಿನಷ್ಟು, ಹುಡುಕಲು ನನಗೇ ಚಾಳೀಸು ಬೇಕಾಯಿತು. ಎರಡನೆಯದು ತಾಸಿಗೊಮ್ಮೆ ವೇಳೆ ಹೇಳುತ್ತದೆ, ಇಂಗ್ಲಿಷಿನಲ್ಲಿ. "ಯಾವಾಕಿ ಬಂದಾಳ ನೋಡ" ಎಂದರು ಅತ್ತೆ. ಮೂರನೆಯದು ಧ್ವನಿಗೆ ತಿಂಗಳು ತಿಂಗಳು ಹಣ ಕೇಳಿತು.

ಸಿಟ್ಟು ಬಂದದ್ದು ಆಮೇಲೆ. ಇವಾವುವೂ ಬೇಕಿರಲಿಲ್ಲ! ಪರದೆಯ ಮೇಲಿನದನ್ನು ಓದಿ ಹೇಳುವ ಟಾಕ್‌ಬ್ಯಾಕ್ ಆಂಡ್ರಾಯ್ಡ್‌ನಲ್ಲಿ 2009ರಿಂದಲೇ ಇದೆ. ಅಕ್ಷರ ಹಿಗ್ಗಿಸುವ ಸೌಲಭ್ಯವಿದೆ, ಈಗ ಕನ್ನಡದ ಧ್ವನಿಯೂ ಇದೆ, ಕಾಸು ಕೊಡಬೇಕಿಲ್ಲ. ಆದರೆ ಎಲ್ಲವೂ ಸೆಟ್ಟಿಂಗ್ಸಿನ ಒಳಕೋಣೆಯಲ್ಲಿ ಕೂತಿವೆ. ಅಂಗಡಿಯವನು ಕ್ಯಾಮೆರಾದ ಗುಣಗಾನ ಮಾಡಿದ, ಇದರ ಸುದ್ದಿಯನ್ನೇ ಎತ್ತಲಿಲ್ಲ.

ಬಡವರ ದೇಶದಲ್ಲಿ ಇಷ್ಟೆಲ್ಲ ಯಾಕೆ ಎನ್ನುವವರಿದ್ದಾರೆ. 1961ರಲ್ಲಿ ಬೆಂಗಳೂರಿನಲ್ಲಿ ಕೈಗಡಿಯಾರ ಮಾಡತೊಡಗಿದ ಎಚ್‌ಎಂಟಿ ಕುರುಡರಿಗಾಗಿ ಬ್ರೈಲ್ ಗಡಿಯಾರವನ್ನೂ ಮಾಡಿತ್ತು. ಬೆರಳಿನಿಂದ ಮುಟ್ಟಿ ವೇಳೆ ತಿಳಿಯಬಹುದಿತ್ತು. ಆ ಗಡಿಯಾರ ಕಾರ್ಖಾನೆಗಳನ್ನು ಮುಚ್ಚಲು ಸರ್ಕಾರ ಒಪ್ಪಿದ್ದು 2016ರಲ್ಲಿ. ಅದೇ ವರ್ಷ ವಿಕಲಚೇತನರ ಹಕ್ಕುಗಳ ಕಾಯ್ದೆಯೂ ಬಂತು. ಬಳಕೆಯ ವಸ್ತುಗಳು ಅವರಿಗೂ ಒಗ್ಗುವಂತೆ ತಯಾರಾಗಲು ಸರ್ಕಾರ ಕ್ರಮ ಕೈಗೊಳ್ಳಬೇಕೆಂದು ಅದರಲ್ಲಿದೆ. ಗಡಿಯಾರಕ್ಕಿಂತ ಬಳಕೆಯ ವಸ್ತು ಬೇರೆ ಯಾವುದಿದೆ?

"ಕೇಳಿದರ ನಾವು ಹೇಳೂದಿಲ್ಲೇನು?" ಎನ್ನುತ್ತಾರೆ ನಮ್ಮ ಮನೆಯವರು. ಹೇಳುತ್ತೇವೆ, ಮುಖ ಗಂಟು ಹಾಕಿಕೊಂಡು. ಐವತ್ತು ವರ್ಷ ಎಲ್ಲರ ವೇಳೆಗೆ ರೊಟ್ಟಿ ಬಡಿದುಕೊಟ್ಟವರು ಈಗ ವೇಳೆಯನ್ನೇ ಬೇಡಬೇಕೆ?

ಟಾಕ್‌ಬ್ಯಾಕ್ ಕಲಿಸುವುದು ಸುಲಭವಲ್ಲ. ಒಮ್ಮೆ ಮುಟ್ಟಿದರೆ ಓದುತ್ತದೆ, ಎರಡು ಸಲ ತಟ್ಟಿದರೆ ತೆರೆಯುತ್ತದೆ. ಬೆರಳಿನ ರೂಢಿಯೇ ಬದಲಾಗಬೇಕು. ಹದಿನೈದು ದಿನ ಇಬ್ಬರೂ ಜಗಳಾಡಿದೆವು. ಮೊನ್ನೆ ನಾನು ಮಲಗಿದ್ದಾಗಲೇ ಅಡುಗೆಮನೆಯಿಂದ ಅವರ ದನಿ ಕೇಳಿತು:

"ಏಳೂವರಿ ಆತು. ಇನ್ನೂ ಚಾ ಇಟ್ಟಿಲ್ಲೇನವಾ?"