ಊರು ಬಿಟ್ಟ ಪತ್ರಕರ್ತರು ಮತ್ತು ನಾವು

ಯಾದಗಿರಿ, ಶಹಾಪುರ, ಸುರಪುರ 1948ರ ಸೆಪ್ಟೆಂಬರ್ ತನಕ ನಿಜಾಮರ ಆಡಳಿತದಲ್ಲಿದ್ದವು. ಆಗ ಹೈದರಾಬಾದಿನ ‘ರಯ್ಯತ್’ ಎಂಬ ಉರ್ದು ಪತ್ರಿಕೆಯನ್ನು ಸರಕಾರ ಮುಚ್ಚಿಸಿತು. ಅಲ್ಲಿ ಕೆಲಸಕ್ಕಿದ್ದ ಶೋಯೆಬುಲ್ಲಾ ಖಾನ್ ಸುಮ್ಮನಾಗಲಿಲ್ಲ, ‘ಇಮ್ರೋಜ್’ ಶುರು ಮಾಡಿ ರಜಾಕಾರರ ವಿರುದ್ಧ ಬರೆದರು. 1948ರ ಆಗಸ್ಟ್‌ನಲ್ಲಿ ಬೀದಿಯಲ್ಲೇ ಅವರನ್ನು ಕೊಂದರು, ಕೈ ಕಡಿದರು. ಕೊಂದವರೂ ಕಲಿಮಾ ಹೇಳುವವರೇ. ಈ ಭಾಗದಲ್ಲಿ ರಜಾಕಾರರ ಮಾತು ಬಂದರೆ ನಾವು ತಲೆ ತಗ್ಗಿಸುತ್ತೇವೆ, ಖಾನ್ ಸಾಹೇಬರ ಹೆಸರು ಹೇಳಲು ಮಾತ್ರ ಮರೆಯುತ್ತೇವೆ.

ಅಂಥ ಧೈರ್ಯವನ್ನು ಎಲ್ಲರಿಂದ ಕೇಳಲಾಗದು. ಜೀವ ಉಳಿಸಿಕೊಂಡು ಬರೆಯಬೇಕಾದವರು ಊರು ಬಿಡುತ್ತಾರೆ. ಜಮಾಲ್ ಖಶೋಗ್ಗಿ 2017ರಲ್ಲಿ ಸೌದಿ ಬಿಟ್ಟರು, ಮರುವರ್ಷ ಇಸ್ತಾಂಬುಲ್‌ನ ಸೌದಿ ಕಾನ್ಸುಲೇಟಿನೊಳಗೇ ಕೊಲೆಯಾದರು. 2021ರ ನಂತರ ಅಫ್ಘಾನಿಸ್ತಾನದಿಂದ ಎಷ್ಟೋ ಪತ್ರಕರ್ತರು, ಹೆಣ್ಣುಮಕ್ಕಳೂ ಸೇರಿ, ಹೊರಬಿದ್ದರು. ನಾವು ಬಾಯಿ ಬಿಡಲಿಲ್ಲ. ನಮ್ಮ ಮನೆಮಕ್ಕಳು ಗಲ್ಫ್‌ನಲ್ಲಿ ದುಡಿಯುತ್ತಾರಲ್ಲ, ಆ ಭಯ ಸುಳ್ಳಲ್ಲ. ಅಲ್ಲಿದ್ದವರು ಮಾತಾಡಲಿ ಎನ್ನುವುದೂ ಸರಿಯಲ್ಲ. ಆದರೆ ಊರಲ್ಲಿ ಕೂತ ನಮಗೇನು ಅಡ್ಡಿ?

ಮಕ್ಕಾ ಬಿಟ್ಟ ಸಹಾಬಿಗಳು ಅಬಿಸೀನಿಯಾ ಸೇರಿದಾಗ ಕುರೈಷರು ಉಡುಗೊರೆ ಹೊರಿಸಿ ದೂತರನ್ನು ಕಳಿಸಿದರು, ಇವರನ್ನು ಒಪ್ಪಿಸಿ ಅಂದರು. ನಜ್ಜಾಶಿ ದೊರೆ ಮೊದಲು ಜಅ್‌ಫರ್ (ರ) ಅವರ ಮಾತು ಕೇಳಿದರು, ಆಮೇಲೆ ಉಡುಗೊರೆಯನ್ನೇ ವಾಪಸ್ ಕೊಟ್ಟರು. ಮದ್ರಸದಲ್ಲಿ ಇದನ್ನು ಮಕ್ಕಳಿಗೆ ಹೇಳಿಕೊಡುವವರು ನಾವೇ.

ನಮ್ಮ ದೇಶ 1951ರ ನಿರಾಶ್ರಿತರ ಒಪ್ಪಂದಕ್ಕೆ ಸಹಿ ಹಾಕಿಲ್ಲ, ಬೇರೆ ಕಾನೂನೂ ಇಲ್ಲ. ಅದು ಸರಕಾರದ ಮಾತಾಯಿತು. ದೇಶ ಬಿಟ್ಟವರು ಹೊರಗಿಂದ ನಡೆಸುವ ಪತ್ರಿಕೆಗಳನ್ನು ಓದುವುದು, ಕೈಲಾದ ಚಂದಾ ಕೊಡುವುದು, ಅವರನ್ನು ‘ಕೌಮಿನ ದ್ರೋಹಿ’ ಎನ್ನುವ ವಾಟ್ಸ್‌ಆ್ಯಪ್ ಸಂದೇಶ ಬಂದರೆ ಮುಂದೆ ಕಳಿಸದೆ ಅಳಿಸುವುದು, ಇಷ್ಟಕ್ಕೆ ಯಾವ ವೀಸಾವೂ ಬೇಡ.