ಉತ್ತರ ಬಾರದ ಮೂರು ಪತ್ರಗಳು

1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಉಪಕುಲಪತಿಯಾಗಿದ್ದ ಎಚ್. ನರಸಿಂಹಯ್ಯನವರು ಪುಟ್ಟಪರ್ತಿಯ ಸತ್ಯಸಾಯಿ ಬಾಬಾ ಅವರಿಗೆ ಮೂರು ಪತ್ರ ಬರೆದರು. ಪವಾಡಗಳನ್ನೂ ಮೂಢನಂಬಿಕೆಗಳನ್ನೂ ಪರಿಶೀಲಿಸಲು ವಿಶ್ವವಿದ್ಯಾಲಯ ಒಂದು ಸಮಿತಿ ರಚಿಸಿತ್ತು. ಆ ಸಮಿತಿಯ ಎದುರು, ಸಮಿತಿಯ ಷರತ್ತುಗಳಿಗೆ ಒಪ್ಪಿ, ತಮ್ಮ ಪವಾಡಗಳನ್ನು ಮಾಡಿ ತೋರಿಸಬೇಕೆಂಬುದು ಪತ್ರಗಳ ಕೋರಿಕೆ. ಮೂರಕ್ಕೂ ಉತ್ತರ ಬರಲಿಲ್ಲ. ವಿಜ್ಞಾನ ಇಂದ್ರಿಯಗಳ ಎಟುಕಿನಲ್ಲಿರುವುದನ್ನಷ್ಟೇ ಹುಡುಕಬೇಕು, ಅಧ್ಯಾತ್ಮ ಅದರಾಚೆಯದು ಎಂಬ ನಿಲುವನ್ನು ಬಾಬಾ ಆಮೇಲೆ ಪತ್ರಿಕೆಗಳ ಮೂಲಕ ತಿಳಿಸಿದರು. ತಿಂಗಳುಗಟ್ಟಲೆ ವಾದ ನಡೆಯಿತು. ನರಸಿಂಹಯ್ಯನವರು ಅಧಿಕಾರ ಬಿಟ್ಟ 1977ರಲ್ಲೇ ಸಮಿತಿಯೂ ಮುಗಿಯಿತು.

ಇದಕ್ಕೆ ಈಗ ಐವತ್ತು ವರ್ಷ. ಬಾಬಾ ಅವರ ಆ ನಿಲುವನ್ನು ಐವತ್ತು ವರ್ಷ ನಾವು ಪ್ರಶ್ನಿಸದೆ ಉಳಿಸಿಕೊಂಡು ಬಂದಿದ್ದೇವೆ ಎಂಬುದೇ ನಮ್ಮ ತಕರಾರು. ಬಾಬಾ ಸೃಷ್ಟಿಸಿದರೆಂದು ಭಕ್ತರು ಹೇಳುವ, ಅಂಗೈಗೆ ಬಿದ್ದ ವಿಭೂತಿ ಕಣ್ಣಿಗೆ ಕಾಣುತ್ತದೆ, ಮೂಗಿಗೆ ವಾಸನೆ ಬರುತ್ತದೆ, ಹಣೆಗೆ ಹಚ್ಚಿದರೆ ಅಂಟುತ್ತದೆ. ಇಂದ್ರಿಯಗಳಿಗೆ ಇಷ್ಟು ಚೆನ್ನಾಗಿ ಎಟುಕುವ ವಸ್ತು ಎಲ್ಲಿಂದ ಬಂತೆಂದು ಕೇಳಿದ ಕ್ಷಣದಲ್ಲಿ ಮಾತ್ರ ಅದು ಇಂದ್ರಿಯಾತೀತವಾಗುವುದು ಹೇಗೆ? ದೇವರಿದ್ದಾನೆ ಎನ್ನುವವರ ಜೊತೆ ನರಸಿಂಹಯ್ಯನವರಿಗೆ ಈ ಪತ್ರಗಳಲ್ಲಿ ಜಗಳವಿರಲಿಲ್ಲ, ನಮಗೂ ಇಲ್ಲ. ಬರಿಗೈಯಿಂದ ಬೂದಿ ಬರುತ್ತದೆ, ಈ ಯಂತ್ರ ಕಟ್ಟಿಕೊಂಡರೆ ಕಾಯಿಲೆ ಹೋಗುತ್ತದೆ, ಈ ರಾಶಿಯವರಿಗೆ ಈ ತಿಂಗಳು ಧನನಷ್ಟ ಎನ್ನುವವರು ಪ್ರಪಂಚದ ಬಗ್ಗೆಯೇ ಒಂದು ಮಾತು ಹೇಳುತ್ತಿದ್ದಾರೆ. ಆ ಮಾತು ನಿಜವೋ ಸುಳ್ಳೋ ನೋಡುವ ಹಕ್ಕು ಕೇಳಿಸಿಕೊಂಡ ಎಲ್ಲರಿಗೂ ಇದೆ. ಅದೇ ಸಮಿತಿ ಪಾಂಡವಪುರಕ್ಕೆ ಹೋಗಿ, ವಿಭೂತಿ ಸೃಷ್ಟಿಸುತ್ತಾನೆಂದು ಹೆಸರಾಗಿದ್ದ ಒಬ್ಬ ಹುಡುಗನನ್ನು ನೋಡಿತು. ವಿಭೂತಿ ಸಿಕ್ಕಿದ್ದು ಅವನ ಬಟ್ಟೆಯೊಳಗೆ. ಹತ್ತು ವರ್ಷವೂ ತುಂಬದ ಮಗುವಿನ ಮುಂದೆ ಕೈಮುಗಿದು ಸಾಲು ನಿಂತಿದ್ದ ಹಿರಿಯರ ಬಗ್ಗೆ ನಮಗೆ ಇವತ್ತಿಗೂ ಸಂಕಟವಾಗುತ್ತದೆ. ಆ ಮಗುವಿನ ಬಗ್ಗೆ ಇನ್ನೂ ಹೆಚ್ಚು.

ನರಸಿಂಹಯ್ಯನವರದು ಎರವಲು ತಂದ ಬುದ್ಧಿ, ಪಶ್ಚಿಮದ ಅಳತೆಗೋಲಿನಿಂದ ಪೂರ್ವದ ಶ್ರದ್ಧೆಯನ್ನು ಅಳೆಯುವ ವಸಾಹತು ಮನಸ್ಸು ಎಂಬ ಮಾತು ನಮ್ಮ ಸಾಹಿತ್ಯ ವಲಯದಲ್ಲಿ ಮತ್ತೆ ಮತ್ತೆ ಕೇಳಿಬರುತ್ತದೆ. ನಮ್ಮ ಓರಗೆಯ ಪತ್ರಿಕೆಗಳು ಇದನ್ನು ದೊಡ್ಡ ಚಿಂತನೆಯೆಂದು ಅಚ್ಚು ಹಾಕುತ್ತವೆ. ಓಹಿಯೋದಲ್ಲಿ ನ್ಯೂಕ್ಲಿಯರ್ ಭೌತಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದು ಬಂದು, ಖಾದಿ ಉಟ್ಟು, ನ್ಯಾಷನಲ್ ಕಾಲೇಜಿನ ಹಾಸ್ಟೆಲ್ಲಿನಲ್ಲೇ ಬಾಳಿದ ಹೊಸೂರಿನ ಗಾಂಧಿವಾದಿಯನ್ನು ಪಶ್ಚಿಮದ ಏಜೆಂಟನೆಂದು ಕರೆಯಲು ಎಷ್ಟು ಧೈರ್ಯ ಬೇಕು! ಆದರೆ ವ್ಯಕ್ತಿಯ ಮಾತು ಬಿಡೋಣ, ಚರಿತ್ರೆಯನ್ನೇ ನೋಡೋಣ.

ಗ್ರಹಣವೆಂದರೆ ನೆರಳು ಎಂದು ಆರ್ಯಭಟ ಹೇಳಿದ್ದು ಕ್ರಿ.ಶ. 499ರಲ್ಲಿ. ಚಂದ್ರಗ್ರಹಣದಲ್ಲಿ ಭೂಮಿಯ ನೆರಳು ಚಂದ್ರನ ಮೇಲೆ ಬೀಳುತ್ತದೆ, ಸೂರ್ಯಗ್ರಹಣದಲ್ಲಿ ಚಂದ್ರ ಸೂರ್ಯನನ್ನು ಮರೆಮಾಡುತ್ತಾನೆ. ಎಂಟನೆಯ ಶತಮಾನದ ಖಗೋಳಜ್ಞ ಲಲ್ಲ, ರಾಹು ನುಂಗುತ್ತಾನೆಂಬ ಮಾತನ್ನು ತರ್ಕದಿಂದಲೇ ಅಲ್ಲಗಳೆದ. ಇವರಿಬ್ಬರ ನಡುವೆ ಬಂದ ಬ್ರಹ್ಮಗುಪ್ತನ ಕಥೆ ಎಲ್ಲಕ್ಕಿಂತ ಮುಖ್ಯ. 628ರ ತನ್ನ ಗ್ರಂಥದಲ್ಲಿ ಅವನು, ರಾಹುವನ್ನು ಒಪ್ಪದವರು ಶ್ರುತಿ ಸ್ಮೃತಿಗಳಿಗೆ ವಿರುದ್ಧವಾಗಿ ಹೋಗುತ್ತಿದ್ದಾರೆಂದು ಆರ್ಯಭಟಾದಿಗಳನ್ನು ಗದರಿದ. ಅದೇ ಗ್ರಂಥದಲ್ಲಿ ಗ್ರಹಣದ ಲೆಕ್ಕ ಕಟ್ಟುವಾಗ ಮಾತ್ರ ನೆರಳಿನ ಗಣಿತವನ್ನೇ ಬಳಸಿದ. ನಾಲ್ಕು ಶತಮಾನದ ನಂತರ ಇದನ್ನು ಓದಿದ ವಿದ್ವಾಂಸ ಅಲ್‌ಬಿರೂನಿಗೆ ಆಶ್ಚರ್ಯವಾಯಿತು. ಇಷ್ಟು ದೊಡ್ಡ ಗಣಿತಜ್ಞ ತನ್ನ ಅರಿವಿಗೆ ತಾನೇ ಏಕೆ ದ್ರೋಹ ಬಗೆದ ಎಂದು ಯೋಚಿಸಿ, ಸಾಕ್ರೆಟಿಸನಿಗೆ ಬಂದಂಥ ಗತಿ ತನಗೂ ಬಂದೀತೆಂಬ ಭಯ ಕಾರಣವಿರಬಹುದೇ ಎಂದು ಬರೆದ. ಅವನ ಊಹೆ ಸರಿಯೋ ತಪ್ಪೋ, ಜಗಳ ಮಾತ್ರ ಈ ನೆಲದ್ದು. ಇಂಗ್ಲಿಷಿನ ಒಂದಕ್ಷರವೂ ಇಲ್ಲಿಗೆ ಬರುವ ಸಾವಿರ ವರ್ಷ ಮೊದಲೇ ಸಾಕ್ಷ್ಯ ಮತ್ತು ಶ್ರದ್ಧೆ ಇಲ್ಲಿ ಮುಖಾಮುಖಿಯಾಗಿದ್ದವು, ಎರಡೂ ಕಡೆಗೆ ಸಂಸ್ಕೃತದಲ್ಲಿ ವಾದಿಸುವವರಿದ್ದರು.

ನಮ್ಮ ಹತ್ತಿರದ ಕಾಲಕ್ಕೇ ಬನ್ನಿ. ನರಗುಂದದಲ್ಲಿ ಹುಟ್ಟಿ ಬಾಗಲಕೋಟೆಯಲ್ಲಿ ಶಾಲಾ ಶಿಕ್ಷಕರಾಗಿದ್ದ ವೆಂಕಟೇಶ ಬಾಪೂಜಿ ಕೇತಕರ್ ಪಂಚಾಂಗದ ಗಣಿತವನ್ನು ಹೊಸ ಖಗೋಳ ಲೆಕ್ಕಗಳ ಬೆಳಕಿನಲ್ಲಿ ತಿದ್ದಿದರು. ಗ್ರಹ ಆಕಾಶದಲ್ಲಿ ಒಂದು ಕಡೆ, ಪಂಚಾಂಗದಲ್ಲಿ ಇನ್ನೊಂದು ಕಡೆ ಇದ್ದರೆ ತಿದ್ದಬೇಕಾದ್ದು ಪಂಚಾಂಗವನ್ನು ಎಂಬುದು ದೃಗ್ಗಣಿತದವರ ಪಟ್ಟು. ಹಾಗಾಗಿಯೇ ಇವತ್ತಿನ ಪಂಚಾಂಗದಲ್ಲಿ ಗ್ರಹಣದ ಸ್ಪರ್ಶ, ಮಧ್ಯ, ಮೋಕ್ಷಗಳು ಕೊಟ್ಟ ವೇಳೆಗೆ ಸರಿಯಾಗಿ ಆಗುತ್ತವೆ. ಅದರ ಕೆಳಗೇ ಯಾವ ರಾಶಿಗೆ ದೋಷ, ಯಾರು ನೋಡಬಾರದು ಎಂಬ ಪಟ್ಟಿಯಿರುತ್ತದೆ. ಮೇಲಿನ ಸಾಲನ್ನು ತಲೆಮಾರುಗಟ್ಟಲೆ ಪರೀಕ್ಷಿಸಿ ತಿದ್ದಿದ್ದಾರೆ. ಕೆಳಗಿನ ಪಟ್ಟಿಯನ್ನು ಯಾರೂ ಯಾವತ್ತೂ ಪರೀಕ್ಷೆಗೆ ಬಿಟ್ಟಿಲ್ಲ. ಮೇಲಿನ ಸಾಲು ಗಳಿಸಿದ ನಂಬಿಕೆಯನ್ನು ಕೆಳಗಿನ ಪಟ್ಟಿ ಬಳಸಿಕೊಳ್ಳುತ್ತಿದೆ. ಪರಂಪರೆ ಪರಂಪರೆ ಎನ್ನುವ ಗೆಳೆಯರು ಇದರಲ್ಲಿ ಯಾವ ಪರಂಪರೆಯ ಪರ ಎಂದು ಹೇಳಲಿ.

ಕೆಳಗಿನ ಪಟ್ಟಿಯಿಂದ ಯಾರಿಗೇನು ತೊಂದರೆ ಎನ್ನುವವರಿಗೆ ಎರಡು ದಿನಾಂಕ ನೆನಪಿಸುತ್ತೇವೆ. 1980ರ ಫೆಬ್ರವರಿ 16ರಂದು ಪೂರ್ಣ ಸೂರ್ಯಗ್ರಹಣದ ಹಾದಿ ಅಂಕೋಲೆಯಿಂದ ರಾಯಚೂರಿನವರೆಗೆ ನಮ್ಮ ನಾಡಿನ ಮೇಲೇ ಹಾದುಹೋಯಿತು. ರಾಯಚೂರು ಜಿಲ್ಲೆಯ ಜವಳಗೇರಾದಲ್ಲಿ ವಿಜ್ಞಾನಿಗಳು ಉಪಕರಣಗಳನ್ನು ಹೂಡಿಕೊಂಡು ಕಾದಿದ್ದರು. ಊರೂರುಗಳಲ್ಲಿ ಜನ ಬಾಗಿಲು ಹಾಕಿಕೊಂಡು ಒಳಗೆ ಕೂತರು. ಒಂದು ಜನ್ಮಕ್ಕೆ ಒಂದು ಸಲವೂ ಸಿಗುವುದು ಕಷ್ಟವಾದ ನೋಟ ಮನೆಯ ಮೇಲೇ ಬಂದಾಗ ಕಣ್ಣು ಮುಚ್ಚಿಕೊಂಡದ್ದು ನಷ್ಟ, ಆದರೆ ಅದು ನೋಟದ ನಷ್ಟ ಮಾತ್ರ. 2019ರ ಡಿಸೆಂಬರ್ 26ರಂದು ಹಾಗಲ್ಲ. ಆವತ್ತಿನ ಗ್ರಹಣದ ವೇಳೆ ಕಲಬುರಗಿಯ ಪಕ್ಕದ ತಾಜ್‌ಸುಲ್ತಾನ್‌ಪುರದಲ್ಲಿ ಅಂಗವಿಕಲ ಮಕ್ಕಳನ್ನು ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂತರು. ಹಾಗೆ ಮಾಡಿದರೆ ಕೈಕಾಲು ಸರಿಹೋಗುತ್ತದೆಂಬ ನಂಬಿಕೆ. ಹೂತವರು ಹೆತ್ತವರೇ. ಅವರನ್ನು ಬೈಯುವ ಮನಸ್ಸು ನಮಗಿಲ್ಲ. ಮಗು ಎದ್ದು ನಡೆಯಲೆಂದು ಅವರು ಏನನ್ನು ಬೇಕಾದರೂ ಮಾಡುತ್ತಿದ್ದರು. ನಮ್ಮ ಸಿಟ್ಟಿರುವುದು, ಗ್ರಹಣಕ್ಕೆ ಅಂಥ ಶಕ್ತಿಯಿದೆಯೆಂದು ಟೀವಿಯಲ್ಲಿ ಗಂಟೆಗಟ್ಟಲೆ ಹೇಳುವವರ ಮೇಲೆ, ಹೇಳಿಸುವವರ ಮೇಲೆ.

ಆಗ ಕಾನೂನು ಇರಲಿಲ್ಲವೇ? ಪುಸ್ತಕದಲ್ಲಿತ್ತು. ಮೌಢ್ಯ ಪ್ರತಿಬಂಧಕ ಕಾಯ್ದೆಗೆ ವಿಧಾನಮಂಡಲ 2017ರ ನವೆಂಬರಿನಲ್ಲಿ ಒಪ್ಪಿಗೆ ಕೊಟ್ಟರೂ ಜಾರಿಗೆ ಬಂದದ್ದು 2020ರ ಜನವರಿಯಲ್ಲಿ, ಆ ಮಕ್ಕಳನ್ನು ಹೂತ ಕೆಲವೇ ದಿನಗಳ ಮೇಲೆ. ಆ ಕಾಯ್ದೆ ಎಂಜಲೆಲೆಯ ಮೇಲೆ ಉರುಳುವುದನ್ನು ನಿಷೇಧಿಸಿತು, ವಾಮಾಚಾರಕ್ಕೆ ಶಿಕ್ಷೆ ಗೊತ್ತುಮಾಡಿತು. ಅಷ್ಟರಮಟ್ಟಿಗೆ ಅದನ್ನು ನಾವು ಸ್ವಾಗತಿಸುತ್ತೇವೆ. ಆದರೆ ಜ್ಯೋತಿಷಿಗಳ ಸಲಹೆಗೂ ವಾಸ್ತು ಸಲಹೆಗೂ ಅದು ಸ್ಪಷ್ಟವಾಗಿ ವಿನಾಯಿತಿ ಕೊಟ್ಟಿದೆ. ಬಡವರ ಆಚರಣೆಗೆ ಶಿಕ್ಷೆ, ಉಳ್ಳವರ ನಂಬಿಕೆಗೆ ರಕ್ಷಣೆ. ಮನೆ ಕಟ್ಟಿಸುವವನ ಅಡುಗೆಮನೆಯ ದಿಕ್ಕು ಬದಲಿಸಿ ಹಣ ಪಡೆಯುವುದು ಶಾಸ್ತ್ರವಾದರೆ, ಹಳ್ಳಿಯ ಮಂತ್ರವಾದಿ ಮಾಡುವುದು ಮಾತ್ರ ಮೌಢ್ಯ ಹೇಗಾಗುತ್ತದೆ?

ಜ್ಯೋತಿಷವನ್ನು ಪರೀಕ್ಷಿಸಲು ಬರುವುದಿಲ್ಲ ಎಂದಾದರೂ ಯಾರೂ ಹೇಳುವಂತಿಲ್ಲ. ಖಗೋಳವಿಜ್ಞಾನಿ ಜಯಂತ ನಾರ್ಳೀಕರರು ಮೂಢನಂಬಿಕೆ ವಿರೋಧಿ ಹೋರಾಟಗಾರ ನರೇಂದ್ರ ದಾಭೋಲ್ಕರ್ ಮುಂತಾದವರ ಜೊತೆ ಸೇರಿ ಪುಣೆಯಲ್ಲಿ ಅದನ್ನು ಮಾಡಿಯೇ ತೋರಿಸಿದರು. ಓದಿನಲ್ಲಿ ಮುಂದಿದ್ದ 100 ಮಕ್ಕಳ, ಬುದ್ಧಿಮಾಂದ್ಯತೆಯಿದ್ದ 100 ಮಕ್ಕಳ ಜಾತಕಗಳನ್ನು ಬೆರೆಸಿ, ತಲಾ 40 ಜಾತಕ ಕೊಟ್ಟು, ಯಾವುದು ಯಾರದ್ದೆಂದು ಹೇಳುವಂತೆ ಜ್ಯೋತಿಷಿಗಳನ್ನು ಕೇಳಿದರು. ಉತ್ತರ ಕಳಿಸಿದ 27 ಮಂದಿಯ ಸರಾಸರಿ ಶೇಕಡಾ 46. ನಾಣ್ಯ ಚಿಮ್ಮಿ ಹೇಳಿದ್ದರೂ 50ರ ಹತ್ತಿರ ಬರುತ್ತಿತ್ತು. ಫಲಿತಾಂಶ 2009ರಲ್ಲಿ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಆ ಪತ್ರಿಕೆ ಅಚ್ಚಾಗುವುದು ನಮ್ಮ ಬೆಂಗಳೂರಿನಿಂದಲೇ. ವಿನಾಯಿತಿಯ ಸಾಲು ಬರೆದವರಿಗೆ ಅದನ್ನು ತರಿಸಿ ನೋಡುವುದು ಕಷ್ಟವಿರಲಿಲ್ಲ. ದಾಭೋಲ್ಕರ್ ಅವರನ್ನು 2013ರ ಆಗಸ್ಟ್ 20ರಂದು ಪುಣೆಯಲ್ಲಿ ಗುಂಡಿಟ್ಟು ಕೊಂದರು.

ಇನ್ನು ನಮ್ಮ ಸಾಹಿತಿಗಳ ಪಾಲಿನ ವಿಷಯ. 1986ರಲ್ಲಿ, ಹರಕೆ ಹೊತ್ತವರು ಬೆತ್ತಲೆಯಾಗಿ ದೇವಿಯ ಗುಡಿಗೆ ಹೋಗುತ್ತಿದ್ದ ಚಂದ್ರಗುತ್ತಿಯ ಬೆತ್ತಲೆ ಸೇವೆಯನ್ನು ತಡೆಯಲು ಹೋದ ಕಾರ್ಯಕರ್ತರ ಮೇಲೂ ಪೊಲೀಸರ ಮೇಲೂ ಹಲ್ಲೆಯಾಯಿತು. ಆಗ ಯು.ಆರ್. ಅನಂತಮೂರ್ತಿ ‘ಬೆತ್ತಲೆ ಪೂಜೆ ಯಾಕೆ ಕೂಡದು’ ಎಂಬ ಲೇಖನ ಬರೆದು, ವಿಚಾರವಾದಿಯ ಆತ್ಮವಿಶ್ವಾಸವನ್ನೇ ಪ್ರಶ್ನೆಗೆ ಒಡ್ಡಿದರು. ಅದು ಅವರ ಪ್ರಾಮಾಣಿಕ ತಳಮಳ, ಅದರ ಮೇಲೆ ನಮಗೆ ಗೌರವವಿದೆ. ಅವರ ಹಿಂದೆ ಬಂದವರಿಗೆ ತಳಮಳ ಬೇಡವಾಯಿತು, ತೀರ್ಮಾನ ಮಾತ್ರ ಸಾಕಾಯಿತು. ನಂಬಿಕೆಯನ್ನು ಪ್ರಶ್ನಿಸುವುದೆಂದರೆ ಜನರಿಂದ ದೂರವಾಗುವುದು ಎಂಬುದು ಕನ್ನಡ ವಿಮರ್ಶೆಯಲ್ಲಿ ಚಾಲ್ತಿಯ ಮಾತಾಯಿತು. ಚಂದ್ರಗುತ್ತಿಯಲ್ಲಿ ತಡೆಯಲು ಹೋದವರಲ್ಲಿ ದಲಿತ ಸಂಘರ್ಷ ಸಮಿತಿಯವರಿದ್ದರು ಎಂಬುದನ್ನು ಈ ವಿಮರ್ಶಕರು ಮರೆತರು. ಬೆತ್ತಲೆ ಹೋಗುತ್ತಿದ್ದ ಹೆಣ್ಣುಮಕ್ಕಳ ಕೇರಿಯಿಂದಲೇ ಬಂದವರು ಜನರಿಂದ ದೂರದವರು ಹೇಗಾಗುತ್ತಾರೆ?

ಅನಂತಮೂರ್ತಿಯವರ ಅದೇ ಹೆಸರಿನ ಪುಸ್ತಕದಲ್ಲಿ ಇನ್ನೊಂದು ಮಾತಿದೆ. ಹುಡುಗನಾಗಿದ್ದಾಗ, ಶಕ್ತಿಯಿದೆಯೆಂದು ಎಲ್ಲರೂ ಹೆದರುತ್ತಿದ್ದ ಕಲ್ಲುಗಳ ಮೇಲೆ ಉಚ್ಚೆ ಹೊಯ್ದು, ಏನಾಗುತ್ತದೆಂದು ನೋಡಿದ್ದನ್ನು ಅವರು ಹೇಳಿಕೊಂಡಿದ್ದಾರೆ. ಹೆದರಿಕೆಯನ್ನು ಮೆಟ್ಟಿ ಒಬ್ಬ ಹುಡುಗ ಮಾಡಿದ ಪ್ರಯೋಗ ಅದು. 2014ರ ಜೂನ್‌ನಲ್ಲಿ ಬೆಂಗಳೂರಿನಲ್ಲಿ ಇದೇ ಮೌಢ್ಯ ನಿಷೇಧ ಮಸೂದೆಯ ಚರ್ಚೆಯಲ್ಲಿ ಸಂಶೋಧಕ ಎಂ.ಎಂ. ಕಲಬುರ್ಗಿ ಅದನ್ನು ಉಲ್ಲೇಖಿಸಿದಾಗ ಅವರ ವಿರುದ್ಧ ಪ್ರತಿಭಟನೆ ಎದ್ದಿತು, ಬೆದರಿಕೆಗಳು ಬಂದವು. ಅವರ ನೆರವಿಗೆ ನಿಲ್ಲಬೇಕಿದ್ದ ಎಷ್ಟೋ ಲೇಖಕರು, ಹಿರಿಯರು ಹಾಗೆ ಮಾತಾಡಬಾರದಿತ್ತು ಎಂದು ಸುಮ್ಮನಾದರು. 2015ರ ಆಗಸ್ಟ್ 30ರ ಬೆಳಿಗ್ಗೆ ಧಾರವಾಡದ ಅವರ ಮನೆಬಾಗಿಲಲ್ಲೇ ಅವರನ್ನು ಕೊಂದರು. ಎರಡೂ ಕಡೆ ಸರಿಯಿದೆ ಎನ್ನುವ ಸಮತೋಲನದ ಲೇಖನಗಳನ್ನು ನಾವು ಪ್ರಕಟಿಸದಿರುವುದಕ್ಕೆ ಕಾರಣ ಕೇಳುವವರಿಗೆ ಇದೇ ನಮ್ಮ ಉತ್ತರ.

ನಮ್ಮವರೊಡನೆಯೂ ಒಂದು ಭಿನ್ನಮತ. ಇಸ್ರೋ ಮುಖ್ಯಸ್ಥರು ಉಡಾವಣೆಗೆ ಮೊದಲು ರಾಕೆಟ್ಟಿನ ಮಾದರಿಯನ್ನು ತಿರುಪತಿಗೆ ಒಯ್ಯುವುದನ್ನು ರಸಾಯನವಿಜ್ಞಾನಿ ಸಿ.ಎನ್.ಆರ್. ರಾವ್ ಮೌಢ್ಯವೆಂದರು, ವಿಚಾರವಾದಿ ಗೆಳೆಯರು ಪ್ರತಿ ಉಡಾವಣೆಗೂ ಅದನ್ನೇ ಹೇಳುತ್ತಾರೆ. ನಮಗೆ ಅದು ದೊಡ್ಡ ಅಪರಾಧವಾಗಿ ಕಾಣುವುದಿಲ್ಲ. ಬೆಟ್ಟದಿಂದ ಇಳಿದು ಬಂದ ವಿಜ್ಞಾನಿ ಇಂಧನದ ಲೆಕ್ಕವನ್ನು ಪ್ರಸಾದದ ಮೇಲೆ ಬಿಡುವುದಿಲ್ಲ. ರಾಕೆಟ್ ಬಿದ್ದರೆ ತನಿಖೆ ನಡೆಯುತ್ತದೆ, ತಪ್ಪು ಹುಡುಕುತ್ತಾರೆ. ಕೈಮುಗಿಯುವುದು ಅವರ ಸ್ವಂತದ್ದು. ಈ ಗೆಳೆಯರ ಶಕ್ತಿ ಬೇಕಾಗಿರುವುದು ಬೇರೆ ಕಡೆ: 2001ರಲ್ಲಿ ಯುಜಿಸಿ ವಿಶ್ವವಿದ್ಯಾಲಯಗಳಲ್ಲಿ ಜ್ಯೋತಿಷ ಕಲಿಸಲು ಹೊರಟಾಗ ಜೀವವಿಜ್ಞಾನಿ ಪಿ.ಎಂ. ಭಾರ್ಗವ ಸುಪ್ರೀಂ ಕೋರ್ಟಿನವರೆಗೆ ಹೋಗಿ 2004ರಲ್ಲಿ ಸೋತರು. ಆ ಹೋರಾಟವನ್ನು ಅಲ್ಲಿಂದ ಮುಂದಕ್ಕೆ ಒಯ್ಯಬೇಕಿತ್ತು. ಅದಕ್ಕೆ ಸಂವಿಧಾನದ ಬಲವೂ ಇದೆ: ವೈಜ್ಞಾನಿಕ ಮನೋಭಾವವನ್ನು ನಾಗರಿಕರ ಕರ್ತವ್ಯವೆಂದ 51ಎ(ಎಚ್) ವಿಧಿ ಅದಕ್ಕೆ ಸೇರಿದ್ದು ನರಸಿಂಹಯ್ಯನವರ ಆ ಪತ್ರಗಳ ವರ್ಷದಲ್ಲೇ, 1976ರ 42ನೇ ತಿದ್ದುಪಡಿಯಲ್ಲಿ.

ಈ ಸಂಚಿಕೆಯ ವಿಷಯ ‘ನಂಬಿಕೆ ಮತ್ತು ಸಾಕ್ಷ್ಯ’. ಲೇಖನಗಳು ಮುಂದಿನ ಪುಟಗಳಲ್ಲಿವೆ.

ಮೌಢ್ಯ ಪ್ರತಿಬಂಧಕ ಕಾಯ್ದೆಯಲ್ಲಿನ ಜ್ಯೋತಿಷ, ವಾಸ್ತು ವಿನಾಯಿತಿಗಳನ್ನು ತೆಗೆಯಬೇಕೆಂದು ಕೇಳುವ ಮನವಿಯನ್ನು ಕೊನೆಯ ಪುಟದಲ್ಲಿ ಅಚ್ಚು ಹಾಕಿದ್ದೇವೆ. ಒಪ್ಪುವವರು ಸಹಿ ಮಾಡಿ ಕಳಿಸಿ, ನಾವು ಸರ್ಕಾರಕ್ಕೆ ತಲುಪಿಸುತ್ತೇವೆ. ಒಪ್ಪದವರು ಬರೆಯಿರಿ. ಯಾವ ಪವಾಡ, ಯಾವ ಊರು, ಯಾವ ದಿನ, ಕಣ್ಣಾರೆ ಕಂಡವರು ಯಾರು ಎಂಬುದನ್ನು ತಿಳಿಸಿ, ಪರೀಕ್ಷೆಗೆ ಒಪ್ಪಿಗೆಯೆಂದು ಬರೆದುಕೊಡುವವರ ಪತ್ರಗಳನ್ನು ಒಂದಕ್ಷರವೂ ಕತ್ತರಿಸದೆ ಪ್ರಕಟಿಸುತ್ತೇವೆ. ವರ್ಷಭವಿಷ್ಯದ ಜಾಹೀರಾತು ಕಳಿಸಿರುವವರು ಮುಂಗಡ ಹಣವನ್ನು ಕಚೇರಿಯಿಂದ ವಾಪಸು ಪಡೆಯಬಹುದು.